ಗಡ್ಡೆ ಮತ್ತೆ ಬಾರದೆಂದು ನುಡಿದ ಹಲ್ಲಿಗೆ

ಹೊಳೆನರಸೀಪುರದ ಪೇಟೆ ಬೀದಿಯ ನಮ್ಮ ನಡುಮನೆಯಲ್ಲಿ, ಗಡಿಯಾರದ ಹಿಂದೆ ಬಿಡಾರ ಹೂಡಿ, ಯುದ್ಧದ ರೇಷನ್ ಕಾಲದಲ್ಲೂ ಹುಳಕ್ಕೆ ಕೊರತೆಯಿಲ್ಲದೆ ದುಂಡಗಿರುವ ಹಲ್ಲಿಯವರಿಗೆ, ಇದೇ ಮನೆಯ ಸೊಸೆ, ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿಯೂ ತಮ್ಮಷ್ಟು ತಿಳಿಯದ ಗಂಗಾಂಬಿಕೆಯ ಶರಣಾರ್ಥಿಗಳು.

ಮಾನ್ಯರೇ,

ಹೋದ ವರ್ಷ ನಮ್ಮ ಯಜಮಾನರಿಗೆ, ಹೇಳಲು ನಾಚಿಕೆಯಾದರೂ ತಮ್ಮ ಮುಂದೆ ಏನು ಮುಚ್ಚುಮರೆ, ಕೂರುವ ಜಾಗದ ಒಳಗಡೆ ಗಡ್ಡೆ ಎದ್ದು, ಮೈಸೂರಿನ ಸರ್ಜನ್ನರು ಅದನ್ನು ಬೇರುಸಹಿತ ತೆಗೆದು, ಶೌಚದ ದಾರಿಯನ್ನೇ ಹೊಟ್ಟೆಯ ಎಡಗಡೆಗೆ ತಿರುಗಿಸಿದ್ದು ತಮಗೆ ತಿಳಿದೇ ಇದೆ. ತೆಗೆದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಆ ಮಹನೀಯರು, ಗಡ್ಡೆ ಕರುಳಿನ ಗೋಡೆಯನ್ನು ದಾಟಿಲ್ಲ, ಪಕ್ಕದ ಗಂಟುಗಳಿಗೂ ಹಬ್ಬಿಲ್ಲ, ಮರಳಿ ಬಾರದಿರುವ ಸಂಭವವೇ ಹೆಚ್ಚು, ಆದರೆ ಬಾರದೇ ಬಾರದೆಂದು ಯಾರೂ ಹೇಳಲಾರರು, ಆಗಾಗ ಬಂದು ತೋರಿಸಿಕೊಳ್ಳಿ ಎಂದರು. ಅಷ್ಟು ಓದಿ ಇಷ್ಟೇ ಹೇಳಲು ಬಂದದ್ದು, ಪಾಪ. ಚನ್ನರಾಯಪಟ್ಟಣದ ಜೋಯಿಸರಂತೂ ಕಣ್ಣಿಗೊಂದು ಗ್ರಹ, ಎದೆಗೊಂದು ಗ್ರಹ ಎಂದು ಎಣಿಸುತ್ತ ಬಂದು, ಆ ಜಾಗದ ಉಸ್ತುವಾರಿಗೆ ಯಾವ ಗ್ರಹವೂ ಒಪ್ಪದಿರಲು ಕೆಮ್ಮಿ ಪಂಚಾಂಗ ಮುಚ್ಚಿದರು.

ಅವರಿಬ್ಬರೂ ತಡವರಿಸಿದಲ್ಲಿ ತಾವು ತಡವರಿಸಲಿಲ್ಲ. ಹೋದ ಸೋಮವಾರ ನಮ್ಮ ಅತ್ತೆ ನೀಲಗಂಗಮ್ಮನವರು ಅವರೇಕಾಯಿ ಸುಲಿಯುತ್ತ "ಇನ್ನೆಲ್ಲಿ ಬತ್ತದೆ ಅದು, ಹೋದದ್ದು ಹೋಯ್ತು" ಎನ್ನುವುದಕ್ಕೂ ತಾವು ಲೊಚಗುಟ್ಟುವುದಕ್ಕೂ ಸರಿಹೋಯಿತು. ಅತ್ತೆ ಬೆರಳಿನಿಂದ ನೆಲ ಕುಟ್ಟಿ, "ಶಿವ ಶಿವ, ಸತ್ಯ ಕಣೇ ಗಂಗೂ, ಹಲ್ಲೀನೇ ನುಡೀತು! ಇನ್ನು ಮೈಸೂರಿಗೆ ಹೋಗಿ ಆ ಡಾಕ್ಟರ ಮುಂದೆ ಪಂಚೆ ಬಿಚ್ಚೋದೇನೂ ಬ್ಯಾಡ" ಎಂದರು. ಪರೀಕ್ಷೆಯೆಂದರೆ ಮೊದಲೇ ಹೆದರುವ ಯಜಮಾನರು ತಾಯಿಯ ಮಾತು ಮೀರದ ಸುಪುತ್ರರಾಗಿ, ಕಟ್ಟಿಟ್ಟಿದ್ದ ಟ್ರಂಕನ್ನು ಬಿಚ್ಚಿಯೇಬಿಟ್ಟರು. ಆಮೇಲೆ ನಾನು ತಮ್ಮ ಕೆಳಗೇ ನಿಂತು "ಒಂದ್ಸಲ ತೋರಿಸ್ಕೊಂಡು ಬಂದ್ರೆ ವಾಸಿ" ಎಂದು ನಾನಾ ರಾಗದಲ್ಲಿ ಹೇಳಿದರೂ ತಾವು ಬಾಲವನ್ನು ಸಹ ಅಲ್ಲಾಡಿಸಲಿಲ್ಲ.

ಹಾಲುಹಲ್ಲು ಬರುತ್ತಿರುವ ಮಗಳು ಮಲಗಿದರೂ ನನಗೆ ನಿದ್ದೆಯಿಲ್ಲ. ಅವರು ಮಗ್ಗುಲು ಬದಲಿಸಿದರೆ ನೋವೇನೋ ಎಂದು ಎದ್ದು ಕೂರುತ್ತೇನೆ. ಆದ್ದರಿಂದ ತಾವು ದಯಮಾಡಿ ಅವರ ಕರುಳಿನ ಗೋಡೆಯ ಮೇಲೊಮ್ಮೆ ಹರಿದಾಡಿ, ಗೋಡೆಯ ವಿಚಾರ ತಮಗಿಂತ ಬಲ್ಲವರಾರು, ಕಂಡದ್ದನ್ನು ಬರೆದು, ಸಹಿಗೆ ಬದಲು ಬಾಲ ಒತ್ತಿ ಕೊಡತಕ್ಕದ್ದು. ಅಷ್ಟು ಪುರುಸೊತ್ತಿಲ್ಲವಾದರೆ, ತಾವು ಹುಳ ಕಂಡು ಲೊಚಗುಟ್ಟುವುದು ಯಾವಾಗ, ನಮ್ಮ ಪ್ರಾಣದ ವಿಷಯಕ್ಕೆ ಲೊಚಗುಟ್ಟುವುದು ಯಾವಾಗ ಎಂಬುದನ್ನಾದರೂ ತಿಳಿಸಿಕೊಡಬೇಕಾಗಿ ಬೇಡುವ,

ತಮ್ಮ ಬಾಲದ ನೇರಕ್ಕೇ ಹಾಸಿಗೆ ಹಾಸಿಕೊಳ್ಳುವ
ತಮ್ಮ ವಿಶ್ವಾಸಿ,
ಗಂಗಾಂಬಿಕೆ

ಮರೆತ ಮಾತು: ನಿನ್ನೆ ಅತ್ತೆ "ಇವಳ ಹಟ ನೋಡು, ಮೈಸೂರಿಗೆ ಹೋಗ್ಲೇಬೇಕಂತೆ" ಎಂದಾಗ ಕೇಳಿಬಂದ ಲೊಚಲೊಚ ತಮ್ಮದಲ್ಲ, ಬಾಗಿಲ ಮರೆಯಲ್ಲಿದ್ದ ನನ್ನ ನಾಲಿಗೆಯದು. ಅತ್ತೆ ನೆಲ ಕುಟ್ಟಿದರು. ನಾಳಿನ ರೈಲಿಗೆ ಟ್ರಂಕು ಮತ್ತೆ ಕಟ್ಟಿದೆ. ಆಗಲೇ ಯಜಮಾನರು ಮಗಳನ್ನೆತ್ತಿಕೊಂಡು "ನಿನ್ನ ಮದುವೇಲಿ ಧಾರೆ ನಾನೇ ಎರೀತೀನಿ ಕಣವ್ವಾ" ಎಂದರು. ತಾವು ಎಚ್ಚರವಾಗಿಯೇ ಇದ್ದು ಸುಮ್ಮನಿದ್ದಿರಿ. ನನ್ನ ನಾಲಿಗೆಯೂ ಏಳಲಿಲ್ಲ. ರೈಲಿಗೆ ತಮ್ಮ ಕಳ್ಳಸಹಿ ಹಾಕಬಲ್ಲೆ, ಧಾರೆಯ ಮಾತಿಗೆ ಹಾಕಲಾರೆ. ನಾವು ಹಿಂದಿರುಗಿದ ಮೇಲೆ ಅವರು ಆ ಮಾತನ್ನು ಇನ್ನೊಮ್ಮೆ ಆಡಿಯೇ ಆಡುತ್ತಾರೆ. ಆಗ ಬಾಯಲ್ಲಿ ಹುಳವಿದ್ದರೆ ಉಗಿದಾದರೂ ನುಡಿಯತಕ್ಕದ್ದು. ಇಲ್ಲವಾದರೆ, ಪೊರಕೆ ಬಾಗಿಲ ಹಿಂದೆಯೇ ಇದೆ.