ನಾಟಿ ಸೊಪ್ಪಿಗೆ ನಾನು ಬರೆದ ಬೋರ್ಡು

ಓದು ಬರಹ ಬಲ್ಲವರು ಉಪಕಾರ ಮಾಡಲು ಹೊರಟರೆ ಎದುರಿಗಿದ್ದವರು ಮೊದಲು ಜಾಗ ಖಾಲಿ ಮಾಡಬೇಕು. ಬೇರೆ ಯಾರನ್ನೋ ನೋಡಿ ಹೇಳುತ್ತಿರುವ ಮಾತಲ್ಲ ಇದು, ನನ್ನನ್ನೇ ನೋಡಿಕೊಂಡು ಹೇಳುತ್ತಿದ್ದೇನೆ. ನಾನು ಸರ್ಕಾರಿ ಭಾಷಾಂತರಕಾರನಾಗಿದ್ದವನು. ಕೊನೆಯ ಹತ್ತು ವರ್ಷ ಆಹಾರದ ಗುಣಮಟ್ಟ ನೋಡುವ ಇಲಾಖೆಯಲ್ಲಿದ್ದೆ. ಇಂಗ್ಲಿಷಿನಲ್ಲಿ ಯಾರಿಗೂ ಅರ್ಥವಾಗದ ಸುತ್ತೋಲೆಗಳನ್ನು ಕನ್ನಡದಲ್ಲೂ ಯಾರಿಗೂ ಅರ್ಥವಾಗದಂತೆ ಮಾಡುವುದು ನನ್ನ ಕೆಲಸ. ಒಮ್ಮೆ ಬೀಜದ ಗುಣವನ್ನೇ ತಿದ್ದಿ ಬೆಳೆದ ಬದನೆಕಾಯಿಯ ಕಡತ ಬಂತು. ‘ಕುಲಾಂತರಿ ಬದನೆ’ ಎಂದು ಬರೆದು ಮೇಲಕ್ಕೆ ಕಳಿಸಿದೆ. ಮೇಲಿದ್ದ ಸಾಹೇಬರು ‘ಕುಲ’ದವರೆಗೆ ಓದಿ, ಇದು ನಮ್ಮದಲ್ಲವೆಂದು ಜಾತಿ ವಿಷಯ ನೋಡುವ ಕಚೇರಿಗೆ ಸಾಗಹಾಕಿದರು. ಅವರು ಏಳು ತಿಂಗಳು ಇಟ್ಟುಕೊಂಡು, ‘ಸದರಿ ಬದನೆಯು ನಮ್ಮ ಪಟ್ಟಿಯಲ್ಲಿ ಇರುವುದಿಲ್ಲ’ ಎಂದು ಹಿಂದಿರುಗಿಸಿದರು. ನಿವೃತ್ತಿಯ ದಿನ ನನಗೆ ಶಾಲು ಹೊದಿಸಿ, ಇಲಾಖೆಯಲ್ಲಿ ಕನ್ನಡವನ್ನು ಉಳಿಸಿದವರು ಎಂದು ಹೊಗಳಿದರು. ನಾನೂ ಅದನ್ನು ನಂಬಿಕೊಂಡು ಮನೆಗೆ ಬಂದೆ.

ಮನೆ ಬಸವೇಶ್ವರನಗರದಲ್ಲಿ. ನಮ್ಮ ರಸ್ತೆಯ ತಿರುವಿನಲ್ಲಿ, ಹೊಂಗೆ ಮರದ ಕೆಳಗೆ ಗೌರಮ್ಮ ಸೊಪ್ಪು ಮಾರುತ್ತಿದ್ದಳು. ಕೆಂಗೇರಿಯಿಂದಾಚೆಗಿನ ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಗಂಟು ಹೊತ್ತು ಬಂದು ಕೂತರೆ, ‘ನಾಟಿ ಸೊಪ್ಪೂ’ ಎಂಬ ಕೂಗು ಮೂರು ಕ್ರಾಸಿಗೆ ಕೇಳಿಸುತ್ತಿತ್ತು. ಗಂಡ ಇಲ್ಲ. ಹದಿನೈದು ವರ್ಷದಿಂದ ಆ ಮರದ ನೆರಳು ಮತ್ತು ಸುತ್ತಲಿನ ಮನೆಗಳ ಗಿರಾಕಿ, ಇವೆರಡೇ ಅವಳ ಆಧಾರ. ನನ್ನ ಹೆಂಡತಿ ಹಾವೇರಿ ಕಡೆಯವಳು. ಅವಳ ಪಾಲಿಗೆ ಅದು ಜವಾರಿ ಸೊಪ್ಪು. ನಾಟಿಯೋ ಜವಾರಿಯೋ ಎಂದು ಇಬ್ಬರೂ ದಿನಾ ಜಗಳ ಆಡಿ ದಿನಾ ನಗುತ್ತಿದ್ದರು. ಅರ್ಥ ಒಂದೇ, ಊರಿನ ಬೀಜ, ಕೊಟ್ಟಿಗೆ ಗೊಬ್ಬರ. ಆದರೆ ನನಗೆ ಆ ಎರಡೂ ಪದ ಸಾಲದು. ಸುತ್ತೋಲೆಯಲ್ಲಿ ಬಾರದ ಪದವನ್ನು ಪದವೆಂದು ಒಪ್ಪುವ ಅಭ್ಯಾಸ ನನಗಿರಲಿಲ್ಲ.

ಕಳೆದ ವರ್ಷ ಮುಖ್ಯರಸ್ತೆಯಲ್ಲಿ ಗಾಜಿನ ಬಾಗಿಲಿನ ಆರ್ಗ್ಯಾನಿಕ್ ಅಂಗಡಿ ತೆರೆಯಿತು. ದಂಟಿನ ಸೊಪ್ಪಿಗೆ ಪ್ಲಾಸ್ಟಿಕ್ ತೊಡಿಸಿ, ಎ.ಸಿ.ಯಲ್ಲಿ ಮಲಗಿಸಿ ಮಾರುತ್ತಿದ್ದರು. ನಮ್ಮ ಬೀದಿಯವರೆಲ್ಲ ಅಲ್ಲಿಗೆ ಹೊರಳಿಕೊಂಡರು. ಮಧ್ಯಾಹ್ನವಾದರೂ ಗೌರಮ್ಮನ ಗಂಟು ಅರ್ಧ ಹಾಗೇ ಉಳಿಯತೊಡಗಿತು. ನಾನು ಉಪಕಾರಕ್ಕೆ ಹೊರಟೆ. ರಟ್ಟು ಕತ್ತರಿಸಿ, ದಪ್ಪ ಅಕ್ಷರದಲ್ಲಿ ‘ಇಲ್ಲಿ ಪರಿಶುದ್ಧ ಸಾವಯವ ಸೊಪ್ಪು ದೊರೆಯುತ್ತದೆ’ ಎಂದು ಬರೆದು ಮರಕ್ಕೆ ಕಟ್ಟಿದೆ. ಹಂಗಂದ್ರೇನು ಸಾರ್ ಎಂದು ಗೌರಮ್ಮ ಕೇಳಿದಳು. ನಾಟಿ ಅಂತಲೇ ಕಣಮ್ಮ, ಸ್ವಲ್ಪ ಗೌರವವಾಗಿ ಹೇಳೋದು ಎಂದೆ. ಬೋರ್ಡು ಕೆಲಸ ಮಾಡಿತು, ಹಳೆ ಗಿರಾಕಿಗಳು ಮರಳಿದರು. ನಾನು ದಿನಕ್ಕೆರಡು ಸಲ ಆ ದಾರಿಯಲ್ಲಿ ಹೋಗಿ ನನ್ನ ಅಕ್ಷರ ನೋಡಿಕೊಂಡು ಬರುತ್ತಿದ್ದೆ.

ಯಾರು ದೂರು ಕೊಟ್ಟರೋ, ಒಂದು ಬೆಳಿಗ್ಗೆ ನಮ್ಮ ಹಳೇ ಇಲಾಖೆಯ ಜೀಪು ಬಂತು. ನಾನು ಕೈಚೀಲ ಹಿಡಿದು ಮೆಂತ್ಯ ಆರಿಸುತ್ತಿದ್ದೆ. ಇಳಿದವನು ಚಿಕ್ಕ ವಯಸ್ಸಿನ ಅಧಿಕಾರಿ, ಮಾತಿನಲ್ಲಿ ಸಭ್ಯ. ನಾಟಿ ಅಂತ ಮಾರಿದ್ರೆ ನಮ್ಮ ಅಭ್ಯಂತರ ಇಲ್ಲಮ್ಮ, ಸಾವಯವ ಅಂದ್ರೆ ಸರ್ಟಿಫಿಕೇಟ್ ಬೇಕು ಎಂದ. ನಾಟಿ ಎಂಬ ಪದ ಯಾವ ಕಾನೂನಿನಲ್ಲೂ ಇಲ್ಲ, ಆದ್ದರಿಂದ ಅದಕ್ಕೆ ಅಪಾಯವೂ ಇಲ್ಲ. ಆಮೇಲೆ ಇದೆಲ್ಲ ನೀವೇ ಬೆಳೆದದ್ದಾ ಎಂದು ಕೇಳಿದ. ತಾವೇ ಬೆಳೆದು ಮಾರುವ ಸಣ್ಣ ರೈತರಿಗೆ ಸರ್ಟಿಫಿಕೇಟಿನ ವಿನಾಯಿತಿ ಇದೆ, ಹೌದು ಎಂದಿದ್ದರೆ ಮುಗಿಯುತ್ತಿತ್ತು.

“ಮೆಂತ್ಯ, ಕೊತ್ತಂಬ್ರಿ ನಂದು ಸಾರ್. ದಂಟು ನಮ್ ವಾರಗಿತ್ತಿ ಹೊಲದ್ದು, ಇಬ್ರೂ ಕೂಡೇ ಬೆಳೆಯೋದು” ಎಂದಳು ಗೌರಮ್ಮ.

ಬೇರೆಯವರದ್ದು ಮಾರಿದರೆ ವ್ಯಾಪಾರವಾಯಿತು, ವಿನಾಯಿತಿ ಇಲ್ಲ ಎಂದು ಅವನು ಕೈಯಲ್ಲಿದ್ದ ಕನ್ನಡ ಸುತ್ತೋಲೆ ತೋರಿಸಿದ. ಅದು ನಾನು ಮಾಡಿದ ಅನುವಾದ. ಸಣ್ಣ ರೈತರು ಕೂಡಿ ಬೆಳೆದು, ತಮ್ಮಲ್ಲೊಬ್ಬರು ನೇರವಾಗಿ ಮಾರಿದರೂ ಪ್ರಮಾಣಪತ್ರ ಬೇಕಾಗಿಲ್ಲ ಎಂದೇ ಅದರಲ್ಲಿದೆ. ಆದರೆ ಆ ವಾಕ್ಯವನ್ನು ನಾನು ಹನ್ನೊಂದು ಸಾಲು ಎಳೆದಿದ್ದೆ, ‘ಬೇಕಾಗಿಲ್ಲ’ ಬರುವುದು ಹನ್ನೊಂದನೆಯದರಲ್ಲಿ. ಪಾಪ, ಹುಡುಗ ಅಲ್ಲಿಯವರೆಗೆ ಹೋಗಿರಲಿಲ್ಲ. ಕೊನೇ ಸಾಲು ಓದಿ ಸಾರ್ ಎಂದು ನಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬಿಟ್ಟರೆ ನೀವು ಯಾರು ಎನ್ನುತ್ತಾನೆ. ಅದೇ ಇಲಾಖೆಯಲ್ಲಿ ಶಾಲು ಹೊದಿಸಿಕೊಂಡವನೇ ಬೋರ್ಡು ಬರೆದದ್ದೆಂದು ಕಚೇರಿಗೆಲ್ಲ ಗೊತ್ತಾಗುತ್ತದೆ. ನಾನು ಮೆಂತ್ಯದ ಬೇರಿಗೆ ಅಂಟಿದ ಮಣ್ಣು ಕೊಡವುತ್ತ ನಿಂತೆ.

ಬೋರ್ಡು ಬರೆದವರು ಯಾರು ಎಂದು ಕೇಳಿದ. ಗೌರಮ್ಮ ನನ್ನ ಕಡೆ ಕತ್ತು ಕೂಡ ತಿರುಗಿಸಲಿಲ್ಲ. ಯಾರೋ ದಾರೀಲಿ ಹೋಗೋರು ಬರ್ಕೊಟ್ರು ಸಾರ್, ಗುರ್ತಿಲ್ಲ ಎಂದಳು. ಅವನು ರಟ್ಟು ಬಿಚ್ಚುತ್ತ, ಯಾರೇ ಬರೆದಿರಲಿ, ಒಂದೂ ತಪ್ಪಿಲ್ಲ ನೋಡಿ ಎಂದು ಜೊತೆಯವನಿಗೆ ತೋರಿಸಿದ. ಆ ಹೊತ್ತಿನಲ್ಲೂ ನನಗೆ ಒಳಗೊಳಗೇ ಖುಷಿಯಾಯಿತು. ಥೂ, ನನ್ನ ಜನ್ಮಕ್ಕಿಷ್ಟು. ಸೊಪ್ಪನ್ನೆಲ್ಲ ಜೀಪಿಗೆ ತುಂಬಿಕೊಂಡರು. ದೂರು ಬಂದಿರೋ ಜಾಗ, ಇನ್ನು ನಾಟಿ ಅಂದ್ರೂ ಸರ್ಟಿಫಿಕೇಟ್ ಇಲ್ಲದೆ ಇಲ್ಲಿ ಮತ್ತೆ ಕೂರಬೇಡಿ ಎಂದರು. ಗೌರಮ್ಮ ಗೋಣಿಚೀಲ ಮಡಚಿಕೊಂಡು ಬಸ್ ಸ್ಟಾಪಿನ ಕಡೆ ನಡೆದಳು.

ಮನೆಯಲ್ಲಿ ವಿಷಯ ಹೇಳಿದೆ. ನನ್ನ ಹೆಂಡತಿ ಪೂರ್ತಿ ಕೇಳಿ, ನೀವು ಅಲ್ಲೇ ನಿಂತಿದ್ರಿ ಹೌದಲ್ರೀ ಎಂದಳು.

ತಿಂಗಳ ಮೇಲೆ ನಾಯಂಡಹಳ್ಳಿ ಮೆಟ್ರೊ ಮೆಟ್ಟಿಲ ಹತ್ತಿರ ಗೌರಮ್ಮ ಸಿಕ್ಕಳು. ನೆರಳಿಲ್ಲದ ಜಾಗ, ಲಾರಿಗಳ ಧೂಳೆಲ್ಲ ಸೊಪ್ಪಿನ ಮೇಲೆ. ಇಲ್ಲಿ ಯಾರೂ ನಿಲ್ಲಲ್ಲ ಸಾರ್, ಎಲ್ಲಾ ಓಡೋರೇ ಎಂದು ನಕ್ಕಳು. ನಾನು ತಡೆಯಲಾರದೆ ಆ ಹನ್ನೊಂದನೆಯ ಸಾಲಿನ ವಿಷಯ ಹೇಳಿ, ಮರದ ಕೆಳಗೆ ವಾಪಸ್ ಬಾರಮ್ಮ, ಯಾರೂ ಎಬ್ಬಿಸೋ ಹಾಗಿಲ್ಲ ಎಂದೆ. ಅವಳು ಸೊಪ್ಪಿಗೆ ನೀರು ಚಿಮುಕಿಸುತ್ತ ಕೇಳಿದಳು.

“ಇದು ಆವತ್ತೇ ಗೊತ್ತಿತ್ತಾ ಸಾರ್ ನಿಮ್ಗೆ?”

“ಇಲ್ಲಮ್ಮ. ಆಮೇಲೆ ಓದಿದೆ.”

“ಅದೇ ಅಂದ್ಕೊಂಡೆ. ಗೊತ್ತಿದ್ರೆ ನೀವು ಸುಮ್ನೆ ನಿಲ್ತಿದ್ರಾ?” ಎಂದು ಎರಡು ಕಟ್ಟು ದಂಟು ನನ್ನ ಚೀಲಕ್ಕೆ ತುರುಕಿದಳು. ದುಡ್ಡು ಮುಟ್ಟಲಿಲ್ಲ.

ಅವತ್ತು ಮನೆಯಲ್ಲಿ ಆ ದಂಟಿನದೇ ಮಸ್ಸೊಪ್ಪಿನ ಸಾರು. ಬಹಳ ಚೆನ್ನಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ.