ಅತ್ತೆ ದೇವಿಗೆ ಒಪ್ಪಿಸುತ್ತಿದ್ದ ಡ್ಯೂಟಿ ರಿಪೋರ್ಟು

ನಮ್ಮತ್ತೆ ತೀರಿಕೊಂಡು ವರ್ಷವಾಗುತ್ತ ಬಂತು, ಅವರ ಪ್ರಸಂಗಗಳು ಮಾತ್ರ ಇನ್ನೂ ಮುಗಿದಿಲ್ಲ. ಹಲಸೂರು ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಾ ನಿಂತರೆ ಯಾರಾದರೂ ಬಂದು, "ನೀವು ಸಿಸ್ಟರಮ್ಮನ ಸೊಸೆ ಅಲ್ವಾ?" ಎಂದು ಹೊಸದೊಂದನ್ನು ಹೇಳಿ ನಗಿಸಿಯೇ ಕಳಿಸುತ್ತಾರೆ. ಅವರು ಶಿವಾಜಿನಗರದ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತರಾದವರು. ನಿವೃತ್ತಿ ಎನ್ನುವುದು ಆಸ್ಪತ್ರೆಯವರ ಅಭಿಪ್ರಾಯ. ಅತ್ತೆಯ ಪ್ರಕಾರ ವಾರ್ಡು ಜೀವನ್ ಬಿಮಾ ನಗರದ ನಮ್ಮ ಮನೆಗೆ ಸ್ಥಳಾಂತರವಾಗಿತ್ತು, ಅಷ್ಟೆ.

ಡ್ಯೂಟಿ ಮುಗಿಸುವ ನರ್ಸು ಮುಂದಿನ ಪಾಳಿಯವರಿಗೆ ಒಬ್ಬೊಬ್ಬ ರೋಗಿಯ ಸ್ಥಿತಿ ಹೇಳಿ ಒಪ್ಪಿಸಿ ಹೋಗಬೇಕಂತೆ. ಅತ್ತೆ ಸಂಜೆ ದೀಪ ಹಚ್ಚಿ, ಎಂಟು ಕೈಯ ದೇವಿಯ ಪಟದ ಮುಂದೆ ನಿಂತು ಹಾಗೇ ಜೋರು ದನಿಯಲ್ಲಿ ಒಪ್ಪಿಸುತ್ತಿದ್ದರು. ಸ್ತೋತ್ರ ಗೀತ್ರ ಏನೂ ಇಲ್ಲ.

"ಒಂದನೇ ಬೆಡ್ಡು, ನಮ್ಮೆಜಮಾನ್ರು. ಊಟ ಸರಿಯಾಗಿ ಮಾಡಿದಾರೆ, ಮಾತು ಕೇಳಿಲ್ಲ. ಎರಡನೇ ಬೆಡ್ಡು, ಮಗ. ಜ್ವರ ಇಲ್ಲ, ಸಿಡುಕು ಇದೆ. ಮೂರನೇ ಬೆಡ್ಡು, ಮೊಮ್ಮಗಳು. ಹೊಟ್ಟೆ ಸರಿಹೋಯ್ತು. ಇನ್ನು ನೋಡ್ಕೊ ತಾಯಿ."

ಅಲ್ಲಿಗೆ ಮುಗಿಯಿತು. ನಾನು ಅಡುಗೆಮನೆಯಲ್ಲಿ ಒಲೆ ಸಣ್ಣ ಮಾಡಿಕೊಂಡು ಕಿವಿಗೊಟ್ಟು ಕೇಳುತ್ತಿದ್ದೆ, ಇವತ್ತಾದರೂ ನನಗೊಂದು ಬೆಡ್ಡು ಸಿಗುತ್ತದೇನೋ ಅಂತ. ನಮ್ಮದು ಪ್ರೀತಿಸಿ ಮಾಡಿಕೊಂಡ ಮದುವೆ, ನನ್ನ ಮನೆಮಾತು ತಮಿಳು. ಇವರಿನ್ನೂ ನನ್ನನ್ನು ಮನೆಯವಳೆಂದು ಒಪ್ಪಿಲ್ಲ ಎಂದು ಒಳಗೊಳಗೇ ನೋಯುತ್ತಿದ್ದೆ.

ಮದುಮಗನ ನಾಡಿ

ಕಮ್ಮನಹಳ್ಳಿಯ ಛತ್ರದಲ್ಲಿ ಪಕ್ಕದ ಮನೆಯವರ ಮಗನ ರಿಸೆಪ್ಷನ್ನು. ಕವರು ಹಿಡಿದವರ ಸಾಲು ವೇದಿಕೆಯಿಂದ ಊಟದ ಹಾಲಿನವರೆಗೂ ಇತ್ತು. ಅತ್ತೆ ಮೇಲೆ ಹೋಗಿ ಮದುಮಗನ ಕೈ ಕುಲುಕಿದರು, ಕುಲುಕಿದ ಕೈಯನ್ನು ಬಿಡಲಿಲ್ಲ. ಬೆರಳು ತಾನಾಗಿ ಮಣಿಕಟ್ಟಿಗೆ ಜಾರಿತು, ಕಣ್ಣು ಗಡಿಯಾರಕ್ಕೆ ಹೋಯಿತು. ಸಾಲು ನಿಂತೇಬಿಟ್ಟಿತು.

ಫೋಟೋಗ್ರಾಫರು, "ಆಂಟಿ, ಇಲ್ನೋಡಿ, ಸ್ಮೈಲ್" ಎಂದ.

"ಮಾತಾಡಿಸ್ಬೇಡಪ್ಪ, ಎಣಿಕೆ ತಪ್ಪುತ್ತೆ."

ಕೊನೆಗೆ ಮದುಮಗನಿಗೆ, "ಸ್ವಲ್ಪ ಫಾಸ್ಟಾಗಿದೆಯಲ್ಲ" ಎಂದರು.

"ಮದುವೆ ಅಲ್ವಾ ಆಂಟಿ, ಟೆನ್ಷನ್ನು."

ಅತ್ತೆ ಮದುಮಗಳ ಕೈಯನ್ನೂ ಹಿಡಿದು ನೋಡಿದರು. "ಇವಳದು ನಾರ್ಮಲ್ಲಾಗಿದೆ. ನೀನು ಹುಷಾರು" ಎಂದು ಇಳಿದು ಬಂದರು.

ಮರುದಿನ ದೇವಿಯ ಮುಂದೆ ಆ ಮದುಮಗನಿಗೂ ಒಂದು ಬೆಡ್ಡು ಸಿಕ್ಕಿತು.

ಹಲಸೂರಿನ ಹಳೇ ಸಂಪ್ರದಾಯ

ಶುಕ್ರವಾರ ಹಲಸೂರಿನ ದೇವಿ ಗುಡಿಗೆ ಹೋಗುವುದನ್ನು ಅತ್ತೆ ತಪ್ಪಿಸಿದವರಲ್ಲ. ಅಮ್ಮನ ಮುಂದೆ ನಿಂತರೆ ಕಣ್ಣು ತುಂಬಿಕೊಳ್ಳುವಷ್ಟು ಭಕ್ತಿ. ಒಂದು ಸಲ ಅರ್ಚಕರು ತೀರ್ಥ ಕೊಡಲು ಬಂದಾಗ ಮಾತ್ರ ಕೈ ಒಡ್ಡಲಿಲ್ಲ.

"ಸ್ವಾಮಿ, ಉಗುರು ತೋರ್ಸಿ."

ಅರ್ಚಕರು ಗಾಬರಿಯಾಗಿ ತೋರಿಸಿದರು.

"ತಿರುಗಿಸಿ. ಹೂಂ. ಸೋಪ್ ಹಾಕಿ ತೊಳ್ಕೊಂಡ್ ಬನ್ನಿ. ಅಮ್ಮ ಎಲ್ಲೂ ಹೋಗಲ್ಲ."

ಒಳ್ಳೆಯ ಮನುಷ್ಯ, ತೊಳೆದು ಬಂದರು. ಮುಂದಿನ ವಾರ ಅತ್ತೆಯನ್ನು ಕಂಡ ಕೂಡಲೇ ತಾವಾಗಿಯೇ ಎರಡೂ ಕೈ ಎತ್ತಿ ಹಿಂದೆ ಮುಂದೆ ತಿರುಗಿಸಿ ತೋರಿಸಿದರು. ಅತ್ತೆಯ ಹಿಂದಿದ್ದ ಹೆಂಗಸು ಇದೇನೋ ಮುದ್ರೆ ಇರಬೇಕೆಂದು ತಾನೂ ಕೈ ತಿರುಗಿಸಿದಳು. ಅವಳನ್ನು ನೋಡಿ ಅವಳ ಹಿಂದಿನವರು. ಈಗ ಆ ಗುಡಿಯಲ್ಲಿ ಎಲ್ಲರೂ ಕೈ ತಿರುಗಿಸಿಯೇ ತೀರ್ಥ ತೆಗೆದುಕೊಳ್ಳುವುದು. ಮೊನ್ನೆ ಕೆ.ಆರ್. ಪುರದಿಂದ ಬಂದವರೊಬ್ಬರು ಇದರ ಅರ್ಥವೇನು ಎಂದು ಕೇಳಿದರಂತೆ. ಅರ್ಚಕರು ಕಣ್ಣು ಮುಚ್ಚಿ, "ತುಂಬಾ ಹಳೇದು, ನಮ್ ತಾತನ ಕಾಲದಿಂದ್ಲೂ ಇದೆ" ಎಂದರಂತೆ.

ವಿಸಿಟರ್ಸ್ ಹೊರಡಿ

ನಮ್ಮಪ್ಪನಿಗೆ ಕುಕ್ ಟೌನಿನಲ್ಲಿ ಟೈಲರ್ ಅಂಗಡಿ. ಯಾವುದೋ ಕಾಲದಲ್ಲಿ ಅಪೆಂಡಿಕ್ಸ್ ಆಪರೇಷನ್ನಾಗಿ ಅತ್ತೆಯ ವಾರ್ಡಿನಲ್ಲೇ ಮಲಗಿದ್ದವರು. ಬೀಗರಾದರೂ ಸಿಸ್ಟರ್ ಎಂಬ ಆ ಭಯ ಹೋಗಿರಲಿಲ್ಲ. ಒಂದು ಸಂಜೆ ಮುರುಕಿನ ಪೊಟ್ಟಣ ಹಿಡಿದು, ಅಂದು ಇಲ್ಲೇ ಉಳಿಯುತ್ತೇನೆಂದು ಬಂದರು. ಮೊಮ್ಮಗಳ ಜೊತೆ ಮಾತು, ಆಟ, ಗಲಾಟೆ. ಮಗು ಊಟ ಮಾಡುತ್ತಿಲ್ಲವಲ್ಲ ಎಂದು ಅತ್ತೆ ಬಾಗಿಲಲ್ಲಿ ನಿಂತು, ಹಳೇ ಅಭ್ಯಾಸದಲ್ಲಿ ಚಪ್ಪಾಳೆ ತಟ್ಟಿ, "ಟೈಮ್ ಆಯ್ತು, ವಿಸಿಟರ್ಸೆಲ್ಲ ಹೊರಡಿ!" ಎಂದುಬಿಟ್ಟರು.

"ಸರಿ ಸಿಸ್ಟರ್" ಎಂದು ಅಪ್ಪ ಅರ್ಧ ಕಾಫಿ ಬಿಟ್ಟು ಎದ್ದವರು ನಿಂತದ್ದು ಬಸ್ ಸ್ಟಾಪಿನಲ್ಲಿ. ಅಲ್ಲಿಂದ ನನಗೆ ಫೋನು. "ಏನಮ್ಮಾ, ನಾನ್ಯಾಕೆ ಬಂದ್ಬಿಟ್ಟೆ? ಅಲ್ಲೇ ಉಳ್ಕೊಳ್ಳೋಣ ಅಂತಲ್ವಾ ಬಂದಿದ್ದು?"

ಅತ್ತೆಯೇ ನಾಚಿಕೊಂಡು ಹೋಗಿ ಕರೆದುಕೊಂಡು ಬಂದರು. "ರೀಅಡ್ಮಿಷನ್ನು" ಎಂದು ಮಂಚಕ್ಕೆ ಹೊಸ ಬೆಡ್‌ಶೀಟು ಹಾಸಿ, ಮೂಲೆಗಳನ್ನು ಆಸ್ಪತ್ರೆಯ ಹಾಗೆ ಬಿಗಿದರು. ಅಪ್ಪ ಆ ಸುಕ್ಕಿಲ್ಲದ ಹಾಸಿಗೆ ಮೇಲೆ ಹೊರಳಲೂ ಹೆದರಿ ಬೆಳಗಿನವರೆಗೆ ನೆಟ್ಟಗೆ ಮಲಗಿದ್ದರು.

ನನ್ನ ಬೆಡ್ಡು

ಮರುದಿನ ಸಂಜೆಯ ರಿಪೋರ್ಟಿನಲ್ಲಿ ಅಪ್ಪನಿಗೂ ಬೆಡ್ಡು ಕೊಟ್ಟರು. ನನಗೆ ತಡೆಯಲಾಗಲಿಲ್ಲ. ಸೌಟು ಹಿಡಿದುಕೊಂಡೇ ಹೊರಗೆ ಬಂದೆ.

"ಅತ್ತೆ, ಪಕ್ಕದ್ಮನೆ ಮದುಮಗಂಗೆ ಬೆಡ್ ಇದೆ, ಒಂದಿನ ಇದ್ದೋದ ನಮ್ಮಪ್ಪಂಗೂ ಇದೆ. ನಾನೊಬ್ಳೇ ಅಲ್ವಾ ನಿಮ್ಮ ಕಣ್ಣಿಗೆ ಬೀಳದವಳು?" ಎಂದೆ. ಅಷ್ಟರಲ್ಲಿ ಅಳು ಬಂದುಬಿಟ್ಟಿತ್ತು.

ಅತ್ತೆ ಕಕ್ಕಾಬಿಕ್ಕಿಯಾಗಿ ನೋಡಿದರು. "ನಿನಗ್ಯಾಕೆ ಬೆಡ್ಡು? ನೀನೇನು ಪೇಷಂಟಾ? ಹುಚ್ಚಿ, ನೀನು ಸ್ಟಾಫು ಕಣೆ! ಇಷ್ಟು ವರ್ಷ ನಾನು ಜೋರಾಗಿ ಕೂಗಿ ಹೇಳ್ತಿದ್ದಿದ್ದು ಯಾರಿಗೆ ಅಂದ್ಕೊಂಡೆ? ಆ ತಾಯಿಗೆ ಕಿವಿ ಚೆನ್ನಾಗೇ ಇದೆ. ಅಡುಗೆಮನೆಗೆ ಕೇಳ್ಲಿ ಅಂತ ಕೂಗ್ತಿದ್ದೆ. ನಾಳೆ ನಾನಿಲ್ದಿದ್ರೆ ಇವರನ್ನೆಲ್ಲ ನೋಡ್ಕೊಳ್ಳೋಳು ನೀನಲ್ವಾ?"

ನನ್ನ ಅಳು ಇನ್ನೂ ಜೋರಾಯಿತು. ಅವರು ನನ್ನ ಕಣ್ಣೊರೆಸಿ, "ಡ್ಯೂಟಿ ಟೈಮಲ್ಲಿ ಅಳಬಾರದು. ಹೋಗು, ಒಗ್ಗರಣೆ ಸೀದು ಹೋಗ್ತಿದೆ" ಎಂದರು.

ಅತ್ತೆ ಹೋದ ಮೇಲೆ, ಕರ್ಮಾಂತರವೆಲ್ಲ ಮುಗಿದು ನೆಂಟರು ಹೊರಟ ಸಂಜೆ, ದೀಪ ಹಚ್ಚಲು ಯಾರಿಗೂ ಮನಸ್ಸಿರಲಿಲ್ಲ. ನಾನು ಹಚ್ಚಿದೆ. ಮಾವ, ಗಂಡ, ಮಗಳು ಹಿಂದೆ ಬಂದು ನಿಂತರು, ಬೆಡ್ ನಂಬರಿನ ಪ್ರಕಾರವೇ.

"ಒಂದನೇ ಬೆಡ್ಡು, ಮಾವ. ಊಟ ಮಾಡ್ತಿಲ್ಲ, ಹೇಳಿದ ಮಾತೆಲ್ಲ ಕೇಳ್ತಿದಾರೆ, ಅದೇ ಚಿಂತೆ. ಎರಡನೇ ಬೆಡ್ಡು, ಇವರು. ಸಿಡುಕೇ ಇಲ್ಲ, ಗಮನ ಇರ್ಲಿ. ಮೂರನೇ ಬೆಡ್ಡು, ಮಗಳು. ಅಜ್ಜಿ ಬೇಕು ಅಂತಿದಾಳೆ."

ಪಟದ ಕಡೆ ನೋಡಿದೆ, ಆಮೇಲೆ ಹೇಳಿದೆ:

"ಅತ್ತೆ ನಿನ್ನ ವಾರ್ಡಿಗೇ ಬಂದಿದಾರೆ ತಾಯಿ. ಅವರನ್ನ ಪೇಷಂಟ್ ಅಂದ್ಕೊಂಡು ಆರಾಮಾಗಿ ಕೂತ್ಬಿಡ್ಬೇಡ. ಎಂಟೂ ಕೈ ಸೋಪ್ ಹಾಕಿ ತೊಳ್ಕೊಂಡಿರು, ತಿರುಗಿಸಿ ನೋಡ್ತಾರೆ."