ಗೆರೆ ಮುಟ್ಟಿದ ಚೆಂಡು

ಮಂಡಿಚಿಪ್ಪು ಸವೆದು ಆಟ ಬಿಟ್ಟು ಹುಣಸೂರಿಗೆ ಬಂದು ಟೆನಿಸ್ ಕೋಚ್ ಆದಾಗ, ಇನ್ನು ನಗೋದೆಲ್ಲ ಮುಗೀತು ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ನಗುವಂಥದ್ದು ಬೆಳಗ್ಗೆ ಆರಕ್ಕೇ ಬಂದು ಕೋರ್ಟಿನ ಗೇಟಿನ ಹತ್ತಿರ ನಿಂತಿರುತ್ತದೆ.

ಪಾಲು

ಒಂದು ದಿನ ಹೋಗಿ ನೋಡಿದರೆ ಕೋರ್ಟಿನ ಅರ್ಧ ಭಾಗದಲ್ಲಿ ಹುರುಳಿ ಹರವಿದೆ. ಪಕ್ಕದಲ್ಲಿ ಕೋಲು ಹಿಡಿದು ಒಬ್ಬ ಅಜ್ಜಿ ಕೂತಿದ್ದಾರೆ.

"ಅಜ್ಜಿ, ಇಲ್ಲಿ ಮಕ್ಕಳು ಆಡ್ಬೇಕು."

"ಆಡ್ಲಿ ಬುಡಪ್ಪ. ನೀನೇ ನಡುವೆ ಬಲೆ ಕಟ್ಟಿ ಪಾಲು ಮಾಡಿದೀಯಲ್ಲ. ಆ ಕಡೇದು ನಿಂದು, ಈ ಕಡೇದು ನಂದು."

ಅವತ್ತು ಮಕ್ಕಳಿಗೆ ಗೋಡೆಗೆ ಹೊಡೆಯೋದನ್ನೇ ಕಲಿಸಿದೆ.

ಟಿವಿಯಲ್ಲಿ ಬಂದದ್ದು

ಟೀ ಅಂಗಡಿಯವರು ಕೇಳಿದರು: "ಟಿವೀಲಿ ಬಂದಿದ್ರಂತಲ್ಲ ಸಾ?"

"ಒಂದೇ ಸಲ. ವಿದೇಶದಲ್ಲಿ ಸೋತ ಮ್ಯಾಚು. ಗೆದ್ದವನನ್ನ ತೋರಿಸುವಾಗ ಪಕ್ಕದಲ್ಲಿ ನಾನೂ ಇದ್ದೆ."

ಅವರು ಸಕ್ಕರೆ ಕಲಕುವುದನ್ನು ನಿಲ್ಲಿಸಿ ಸಮಾಧಾನ ಹೇಳಿದರು: "ಬೇಜಾರ್ ಮಾಡ್ಕಬ್ಯಾಡಿ. ನಮ್ಮೂರೋರು ಸೋಲಕ್ಕೂ ಅಷ್ಟು ದೂರ ಹೋಗಿಲ್ಲ."

ಕಲಿಸಿದ ಪಾಠ

ರಾವಂದೂರಿನ ಹುಡುಗಿಯೊಬ್ಬಳು ಹುಣಸೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಲಿಯಲು ಬರುತ್ತಿದ್ದಳು. ಇಷ್ಟು ವರ್ಷದಲ್ಲಿ ನನ್ನ ಕೈಗೆ ಸಿಕ್ಕ ನಿಜವಾದ ಆಟಗಾರ್ತಿ ಅಂದರೆ ಇವಳೊಬ್ಬಳೇ. ಹೊಗೆಸೊಪ್ಪು ಬೆಳೆಯುವ ಅವಳಪ್ಪ ನೇರವಾಗಿಯೇ ಹೇಳಿದ್ದರು: "ಈ ಸಲ ಕ್ರೀಡಾ ಹಾಸ್ಟೆಲ್‌ಗೆ ಸೀಟ್ ಸಿಕ್ರೆ ಆಡ್ಲಿ. ಇಲ್ದಿದ್ರೆ ಸಾಕು ಕಣ್ರೀ, ಬ್ಯಾಟ್ ಇಟ್ಬುಟ್ಟು ಎಸ್ಸೆಸ್ಸೆಲ್ಸಿ ಓದ್ಲಿ."

ಸೀಟಿಗಾಗಿ ನಡೆದ ಕೊನೆಯ ಮ್ಯಾಚು. ಇಂಥ ಮ್ಯಾಚುಗಳಲ್ಲಿ ಗೆರೆ ನೋಡಲು ಯಾರೂ ಇರುವುದಿಲ್ಲ. ಚೆಂಡು ಯಾರ ಕಡೆ ಬಿತ್ತೋ ಅವರೇ ಒಳಗೆ, ಹೊರಗೆ ಅಂತ ಹೇಳಬೇಕು. ಇನ್ನೊಂದೇ ಪಾಯಿಂಟ್ ಬಂದರೆ ನಮ್ಮವಳ ಗೆಲುವು. ಎದುರಾಳಿ ಹೊಡೆದ ಚೆಂಡು ಹಿಂದಿನ ಗೆರೆಯ ಹತ್ತಿರ ಬಿತ್ತು. ಹೊರಗೆ ಹೋಯಿತೆಂದುಕೊಂಡು ಆ ಹುಡುಗಿ ಅಳುಮುಖ ಮಾಡಿಕೊಂಡು ಕೈಕುಲುಕಲು ಬಲೆಯ ಹತ್ತಿರ ಬಂದೇಬಿಟ್ಟಳು.

ನಮ್ಮವಳು ಹೇಳಿದಳು: "ಒಳಗೇ ಬಿತ್ತು ಅಕ್ಕ. ಓಗಿ, ಆಡಿ."

ಆಡಿದರು. ನಮ್ಮವಳು ಸೋತಳು.

"ಯಾಕಮ್ಮ ಹಂಗ್ ಮಾಡ್ದೆ?" ಅಂತ ರೇಗಿದೆ.

"ಗೆರೆ ಮುಟ್ತು ಸಾ. ಮುಟ್ಟಿದ್ರೆ ಒಳಗೆ ಅಂತ ನೀವೇ ಅಲ್ವಾ ಯೋಳ್ಕೊಟ್ಟಿದ್ದು?"

ಬ್ಯಾಕ್‌ಹ್ಯಾಂಡ್ ಕಲಿಯಲು ಎರಡು ವರ್ಷ ತೆಗೆದುಕೊಂಡ ಹುಡುಗಿ, ಇದನ್ನು ಮಾತ್ರ ಒಂದೇ ಸಲಕ್ಕೆ ಕಲಿತಿದ್ದಳು.

ಟೈಲ್ಸ್ ಅಂಗಡಿಗೆ ಫೋನು

ಸೀಟು ಸಿಗಲಿಲ್ಲ. ಅವಳಪ್ಪ ಆಡಿದ ಮಾತಿಗೆ ತಪ್ಪುವವರಲ್ಲ. ನಾನು ಕೊಟ್ಟಿದ್ದ ರ್ಯಾಕೆಟ್ಟನ್ನು ಒರೆಸಿ, ಹಿಂದಿರುಗಿಸಲು ಅವಳು ಒಬ್ಬಳೇ ಬಂದಳು. ಅದನ್ನು ಕೈಗೆ ತೆಗೆದುಕೊಂಡಾಗ ನನಗೆ ತಡೆಯಲಾಗಲಿಲ್ಲ. ಹೆಂಡತಿಗೂ ಹೇಳದಿದ್ದದ್ದನ್ನು ಈ ಮಗುವಿಗೆ ಹೇಳಿಬಿಟ್ಟೆ.

ಇಂಥದೇ ಸೀಟಿಗೆ, ಇವಳ ವಯಸ್ಸಿನಲ್ಲಿ, ನಾನೂ ಆಡಿದ್ದೆ. ಎದುರಾಳಿಯ ಚೆಂಡು ಗೆರೆಯ ಮೇಲೇ ಬಿತ್ತು. ನಾನು ಔಟ್ ಅಂದೆ. ಗೆದ್ದೆ. ಹಾಸ್ಟೆಲು, ವಿಮಾನ, ವಿದೇಶ ಎಲ್ಲ ಬಂದದ್ದು ಆ ಒಂದು ಸುಳ್ಳಿನಿಂದ. ಅವತ್ತು ಸೋತವನು ಈಗ ಕೆ.ಆರ್. ನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಮದುವೆ ಮನೆಯಲ್ಲಿ ಕಂಡರೆ ನಾನು ಊಟದ ಪಂಕ್ತಿಯನ್ನೇ ಬದಲಾಯಿಸುತ್ತೇನೆ.

ಅವಳು ಬೈಯಲಿಲ್ಲ. "ಅವ್ರ ನಂಬರ್ ಅದಾ ಸಾ? ಯೋಳ್ಬುಡಿ, ಅಗುರಾಗ್ತದೆ," ಅಂದಳು.

ಅವನಿಗೆ ಫೋನು ಮಾಡಿದೆ. ಸ್ಪೀಕರಿಗೆ ಹಾಕಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಹೇಳಿದ: "ಅಯ್ಯೋ ಬುಡಯ್ಯ. ಆ ಮ್ಯಾಚಲ್ಲಿ ನಾನು ನಾಕು ಸಲ ಔಟ್ ಅಂತ ಸುಳ್ಳು ಯೋಳಿದ್ದೆ. ಅಂಗಿದ್ರೂ ನಿನ್ ಕೈಲಿ ಸೋತೆ. ಅದ್ಕೇ ನಾನೂ ಮದ್ವೆ ಮನೇಲಿ ನಿನ್ ಕಣ್ತಪ್ಪಿಸ್ಕಂಡು ಓಡಾಡ್ತೀನಿ."

ನಕ್ಕೆ. ನಗುತ್ತಲೇ ಅಳು ಬಂತು. ಸುಳ್ಳು ಹೇಳಿದ ನಾವಿಬ್ಬರೂ ಒಂದು ನೆಲೆ ಕಂಡುಕೊಂಡಿದ್ದೆವು. ನಿಜ ಹೇಳಿದವಳು ಬರಿಗೈಯಲ್ಲಿ ತನ್ನೂರಿಗೆ ಹೋಗುವ ಪಿರಿಯಾಪಟ್ಟಣದ ಬಸ್ಸಿಗೆ ಹೊರಟಿದ್ದಳು. ಗೇಟಿನ ಹತ್ತಿರ ನಿಂತು, ಕಣ್ಣೊರೆಸಿಕೊಂಡು, ನನ್ನನ್ನು ಸಮಾಧಾನ ಮಾಡುವವಳ ಹಾಗೆ ಹೇಳಿದಳು:

"ಅಳಬ್ಯಾಡಿ ಸಾ. ಲೆಕ್ಕ ಆಕಿದ್ರೆ, ಅವ್ರೇ ನಿಮ್ಗೆ ಇನ್ನೂ ಮೂರು ಪಾಯಿಂಟ್ ಕೊಡ್ಬೇಕು."